ಜೇಕಿನ ಗಡ್ಡೆಯ ಆಯಿ

ಆಯಿಯ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಸೀಳಿನ ಉದ್ದಕ್ಕೂ ಕರಿ ಮಣ್ಣಿನ ಒಂದು ಗೆರೆ, ಸೂಜಿಯಿಂದ ಕೆದಕಿದರೂ ಹೋಗದಂಥದ್ದು. ಎಡಗೈಯದೂ ಇದ್ದೀತು. ನೆನಪು ಬಲಗೈಯನ್ನು ತೋರಿಸುತ್ತದೆ. ಆದರೆ ನನಗೆ ಬೇಕಾದ್ದನ್ನೇ ತೋರಿಸುವುದರಲ್ಲಿ ಅದು ಬಲು ಜಾಣ. ಅದು ಕೊಟ್ಟದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ.

ಹುಮನಾಬಾದಿನಿಂದ ಮಾಣಿಕನಗರಕ್ಕೆ ಹೋಗುವ ದಾರಿಯಲ್ಲಿ ಒಂದೇ ಸಾಲಿನ ನಾಲ್ಕು ಬಾಡಿಗೆ ಖೋಲಿಗಳು. ಕೊನೆಯದು ನನ್ನದು, ಅದರ ಪಕ್ಕದ್ದು ಓಣಿಯವರೆಲ್ಲ ಆಯಿ ಎನ್ನುತ್ತಿದ್ದ ಒಂಟಿ ಮುದುಕಿಯದು. ನನ್ನ ಊರು ಬಸವಕಲ್ಯಾಣ. ಅಲ್ಲಿ ಅಣ್ಣನ ಮನೆಯಲ್ಲಿ ನನ್ನದೆನ್ನುವ ಒಂದು ಮಡಚುವ ಮಂಚವಿತ್ತು. ರವಿವಾರ ಬಸ್ಸು ಹಿಡಿದು ಹೋದರೆ ಆ ಮಂಚದ ತುಂಬ ಇಸ್ತ್ರಿಯಾಗಬೇಕಾದ ಬಟ್ಟೆ. ಬರುಬರುತ್ತ ಹೋಗುವುದನ್ನೇ ಬಿಟ್ಟೆ. ಕೆಲಸ ರಾಸಾಯನಿಕ ಕಾರ್ಖಾನೆಯೊಂದರ ಲ್ಯಾಬಿನಲ್ಲಿ. ಸಂಜೆ ಎರಡು ಸಲ ಸಾಬೂನು ಹಚ್ಚಿದರೂ ಮೈಯಿಂದ ಆ ವಾಸನೆ ಇಳಿಯುತ್ತಿರಲಿಲ್ಲ. ತಲೆ ಸಿಡಿಯುತ್ತಿತ್ತು. ಮಾತಾಡಲು ಯಾರೂ ಇರಲಿಲ್ಲ, ಇದ್ದರೂ ಮಾತಾಡುತ್ತಿದ್ದೆನೋ ಇಲ್ಲವೋ.

ಆಯಿ ಮೊದಲ ಸಲ ನನ್ನನ್ನು ಮಾತಾಡಿಸಿದ್ದು ನಲ್ಲಿಯ ಹತ್ತಿರ. ಹತ್ತಿರ ಬಂದು ಮೂಸಿ ನೋಡಿ, "ಏನ್ ಹಚ್ಕೊಂಡೀಯಬೇ ತಂಗಿ? ಪೇಂಟಿನ ಡಬ್ಬಿ ಹಂಗ ನಾರಾಕತ್ತೀ" ಅಂದಳು. ನನಗೆ ಸಿಟ್ಟು ಬಂತು. ಅವಳು ಒಳಗೆ ಹೋಗಿ ಒಂದು ಹಿಡಿ ಕಂದು ಪುಡಿ ತಂದು ನನ್ನ ಬಕೆಟ್ಟಿನ ಪಕ್ಕ ಇಟ್ಟಳು.

ಅದು ಜೇಕಿನ, ಅಂದರೆ ಕೊನ್ನಾರಿ ಹುಲ್ಲಿನ, ಘಮಘಮಿಸುವ ಗಡ್ಡೆಯ ಪುಡಿ. ಆಯಿ ಹೊಲಗಳಲ್ಲಿ ಕಳೆ ತೆಗೆಯುವ ಕೂಲಿಗೆ ಹೋಗುತ್ತಿದ್ದಳು. ಮುಂಜಾನೆ ಹೆಂಗಸರ ಜೊತೆ ಟಮ್‌ಟಮ್ ಹತ್ತಿ ಹೋದರೆ ಸಂಜೆ ಬರುವಳು. ರೈತರಿಗೆ ಜೇಕಿನಷ್ಟು ಕೆಟ್ಟ ಹುಲ್ಲು ಇನ್ನೊಂದಿಲ್ಲ. ಮೇಲೆ ಕಿತ್ತರೆ ಕೆಳಗಿನ ಗಡ್ಡೆ ವಾರದೊಳಗೆ ಚಿಗುರುತ್ತದೆ. ಆಯಿ ಖುರ್ಪಿಯನ್ನು ಆಳಕ್ಕೆ ಇಳಿಸಿ ಗಡ್ಡೆ ಸಮೇತ ತೆಗೆದು ಉಡಿಗೆ ಹಾಕಿಕೊಳ್ಳುತ್ತಿದ್ದಳು. "ನನ್ನ ಕಸ, ನನ್ನ ಪಗಾರ, ಅತ್ತರ ಮಾತ್ರ ನಿನಗೇನಬೇ?" ಎಂದು ಹೊಲದ ಸಾವ್ಕಾರ ಒಮ್ಮೆ ಕೇಳಿದನಂತೆ. "ನಿಮಗೂ ಕೊಡ್ತೀನ್ರಿ ಸಾವ್ಕಾರ್ರ, ಮದಲ ನಿಮ್ಮ ಮೈಯೂ ನಮ್ಮಂಗ ಮಣ್ಣಾಗಲಿ" ಅಂದಳಂತೆ.

ಗಡ್ಡೆಗಳನ್ನು ತೊಳೆದು, ಮಾಳಿಗೆಯ ಮೇಲೆ ಒಣಗಿಸಿ, ಮೇಲಿನ ನಾರನ್ನು ಉರಿಯಲ್ಲಿ ಸುಟ್ಟು, ಕಬ್ಬಿಣದ ಖಲಬತ್ತಿನಲ್ಲಿ ಕುಟ್ಟಿ, ಕಡಲೆಹಿಟ್ಟು ಬೆರೆಸುವಳು. ಸಂಜೆ ಬಿಸಿನೀರಿನಲ್ಲಿ ಅದನ್ನು ಕಲಸಿ ಮೊದಲು ಹಿಮ್ಮಡಿ, ಆಮೇಲೆ ಮೊಣಕೈ, ಕೊನೆಗೆ ಕುತ್ತಿಗೆ ತಿಕ್ಕುವಳು. ಸ್ನಾನ ಮುಗಿಸಿ ಒದ್ದೆ ಕೂದಲು ಬೆನ್ನಿಗೆ ಬಿಟ್ಟು ಹೊಸ್ತಿಲ ಮೇಲೆ ಕೂತರೆ ಮುಗಿಯಿತು. ಮನೆಯ ಒಡತಿ ಬಂದು ಕರೆದರೂ ಮಾತಿಲ್ಲ, ಬರೀ ಕೈಸನ್ನೆ. "ಮುಂಜಾನಿಂದ ಮಂದಿ ತೋರ್ಸಿದ ಸಾಲಿನಾಗ ಕುಂಡ್ರತೀನಿ. ಈ ಒಂದ್ ತಾಸು ಯಾರೂ ಕೇಳಬ್ಯಾಡ್ರಿ, ಇದು ನಂದು" ಅನ್ನುತ್ತಿದ್ದಳು.

ನನಗೂ ಕಲಿಸಿದಳು. ನಾನು ಬಚ್ಚಲಿಗೆ ಫೋನು ಒಯ್ದದ್ದನ್ನು ನೋಡಿ, "ಅದನ್ನ್ಯಾಕ ಒಯ್ತೀ? ಅದಕ್ಕೇನು ಬೆನ್ನ ಅದ ಏನು ತಿಕ್ಕಾಕ?" ಎಂದು ಕಸಿದಿಟ್ಟುಕೊಂಡಳು. ಹಸಿ ಮಣ್ಣು, ಚೂರು ಕರ್ಪೂರ, ಹಳೆಯ ಮರದ ಪೆಟ್ಟಿಗೆಯ ಒಳಗು: ಈ ಮೂರೂ ಸೇರಿದ ವಾಸನೆ ಆ ಪುಡಿಗೆ. ಅದನ್ನು ಮೈಗೆ ಹಚ್ಚಿಕೊಂಡು ಆಯಿಯ ಪಕ್ಕ ಸುಮ್ಮನೆ ಕೂತ ಸಂಜೆಗಳಲ್ಲಿ ತಲೆ ಹಗುರಾಗುತ್ತಿತ್ತು. ಇಬ್ಬರು ಒಂಟಿಗಳು ಅಕ್ಕಪಕ್ಕ ಕೂತರೆ ಒಂಟಿತನ ಹೋಗುತ್ತದೆಂದು ನಾನು ಹೇಳಲಾರೆ. ಅದು ನಮ್ಮ ನಡುವೆಯೇ ಕೂತಿರುತ್ತಿತ್ತು, ಆದರೆ ಗದ್ದಲ ಮಾಡುತ್ತಿರಲಿಲ್ಲ.

ಮುಂದಿನ ವರ್ಷ ಹೊಲಗಳಿಗೆ ಕಳೆನಾಶಕ ಹೊಡೆಯುವುದು ಹೆಚ್ಚಾಯಿತು. ಕೂಲಿ ಕರೆಯುವುದು ಕಡಿಮೆಯಾಯಿತು. ಹೊಡೆದ ಮೇಲೂ ಉಳಿದ ಜೇಕನ್ನು ತೆಗೆಯಲು ಮಾತ್ರ ಆಗಾಗ ಕರೆಯುತ್ತಿದ್ದರು. ಒಂದು ಸಂಜೆ ಆಯಿ ಗಡ್ಡೆಗಳನ್ನು ಉಡಿಯ ಬದಲು ಬಿಳಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ತಂದಳು. ಚೀಟಿ ಓದಿದೆ. ಕಳೆನಾಶಕದ ಡಬ್ಬಿ. ಗಡ್ಡೆಗಳ ತುದಿಯ ಎಲೆ ಹಳದಿಯಾಗಿತ್ತು.

"ಆಯಿ, ಇದನ್ನ ಮೈಗೆ ಹಚ್ಚಬ್ಯಾಡ."

"ನೆಲದಾಗಿಂದು ಅದ ತಂಗಿ, ಹೊಡದದ್ದು ಮ್ಯಾಲ."

"ಗಡ್ಡಿತನಕ ಇಳೀತದ. ಇಳೀಲಿ ಅಂತನೇ ಮಾಡ್ಯಾರ ಅದನ್ನ."

ಇದನ್ನು ನಾನು ಮೆಲ್ಲಗೆ, ಅವಳ ಕೈ ಹಿಡಿದು ಹೇಳಿದೆನೆಂದು ನೆನಪು. ಒಡತಿ ಹೇಳುವುದೇ ಬೇರೆ: "ಓಣಿ ಪೂರಾ ಕೇಳೋ ಹಂಗ ಒದರಿದಿ. ಡಬ್ಬಿ ಕಸಗೊಂಡು ಒಗದಿ." ಒಡತಿಯ ಮಾತು ನಿಜವಿರಬೇಕು. ಚರಂಡಿಯ ಅಂಚಿನಲ್ಲಿ ಚೆಲ್ಲಿದ ಗಡ್ಡೆಗಳು ನನಗೂ ಕಾಣುತ್ತವೆ. ನಾನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಚೀಟಿಯಲ್ಲಿ ಬರೆದಿತ್ತು.

ಆಮೇಲೆ ಆಯಿ ಸಾಬೂನಿನಲ್ಲಿ ಗಡಬಡಿಸಿ ಮೈ ತೊಳೆದುಕೊಂಡು ಒಳಗೆ ಹೋಗತೊಡಗಿದಳು. ಹೊಸ್ತಿಲು ಖಾಲಿ. ಒಂದು ಹೆಣ್ಣಿಗೆ ದಿನದಲ್ಲಿ ಸ್ವಂತದ್ದೆಂದು ಇದ್ದ ಒಂದೇ ತಾಸನ್ನು ನಾನು ಕಿತ್ತು ಹಾಕಿದ್ದೆ, ಅದೂ ಗಡ್ಡೆ ಸಮೇತ. ಅವಳಿಗೆ ನನ್ನ ಮೇಲೆ ಸಿಟ್ಟಿದೆ ಎಂದುಕೊಂಡೆ. ಕಲ್ಯಾಣದಲ್ಲಿ ಗಿಡಮೂಲಿಕೆಯ ಅಂಗಡಿಯಿತ್ತು. ಅಲ್ಲಿಂದ ಜೇಕಿನ ಪುಡಿ ತಂದುಕೊಟ್ಟೆನೆಂದು ನೆನಪು ಒಮ್ಮೊಮ್ಮೆ ಹೇಳುತ್ತದೆ. ಹಳದಿ ಕಾಗದದ ಪೊಟ್ಟಣ, ಅದಕ್ಕೆ ಸುತ್ತಿದ ದಾರ, ಎಲ್ಲ ಕಣ್ಣಿಗೆ ಕಟ್ಟುತ್ತದೆ. ತಂದಿರಲಿಲ್ಲ.

ಸಂಕ್ರಾಂತಿಯ ಮುಂದೆ ಆಯಿ ಮಗಳ ಊರಾದ ಹುಡಗಿ ಗ್ರಾಮಕ್ಕೆ ಹೋದಳು. ಅಲ್ಲೇ ಎದೆನೋವು ಬಂದು ತೀರಿಕೊಂಡಳು. ನನಗೆ ತಿಳಿದದ್ದು ಹತ್ತು ದಿನಗಳ ಮೇಲೆ, ಮಗಳು ಖೋಲಿ ಖಾಲಿ ಮಾಡಲು ಬಂದಾಗ. ಅವಳೂ ಕಳೆ ತೆಗೆಯುವವಳೇ. ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತ ನನ್ನನ್ನು ನೋಡಿ, "ಲ್ಯಾಬಿನ ಅಕ್ಕಾರು ನೀವೇ ಏನ್ರಿ?" ಅಂದಳು.

ಹೌದೆಂದೆ.

"ನಮ್ಮವ್ವ ನಿಮ್ಮ ಸುದ್ದಿ ಭಾಳ ಹೇಳ್ತಿದ್ಳು. ನಮ್ಮ ಕೂಲಿ ಟೋಳಿ ಹೆಂಗಸ್ರಿಗೆಲ್ಲ ಜೇಕ ಹಚ್ಚೋದು ಬಿಡಿಸಿದ್ಳು. ಔಷಧ ಹೊಡದ ಹೊಲಕ್ಕ ಹೋದ್ರ ಕೈಗಿ ಅರಬಿ ಸುತ್ಕೋರಿ ಅಂತ ಬೈಯ್ತಿದ್ಳು. ನಮ್ಮ ಲ್ಯಾಬಿನ ಹುಡುಗಿ ಚೀಟಿ ಓದಿ ಹೇಳ್ಯಾಳ, ನಿಮಗೇನ್ ತಿಳೀತದ, ಅಂತ."

ಉಳಿದಿದ್ದ ಪಾತ್ರೆಯನ್ನು ಎತ್ತಿ ಅವಳ ಕೈಗೆ ಕೊಟ್ಟೆ.

ಮಗಳು ಚೀಲದ ಬಾಯಿ ಕಟ್ಟಿದಳು. "ಅದರ ಬದಲಿ ಮೈಗೆ ಏನ್ ಹಚ್ಚಬೇಕು ಅಂತ ನಿಮಗ ಕೇಳ್ತೀನಿ ಅಂದಿದ್ಳು. ಆಕಿಗಿ ಏನೂ ಹಚ್ಚದಿದ್ರ ಜೀವಕ್ಕ ಸಮಾಧಾನ ಇರ್ತಿದ್ದಿಲ್ಲರಿ. ಕೇಳಿದ್ಳೇನ್ರಿ?"

ಕೇಳಿರಲಿಲ್ಲ. ಆ ತಿಂಗಳುಗಳಲ್ಲಿ ನಾನು ಕೆಲಸದಿಂದ ಬಂದವಳೇ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಒಂದೆರಡು ಸಂಜೆ ಹೊರಗೆ ಯಾರೋ ನಿಂತ ಹಾಗೆ ಅನಿಸಿತ್ತು. ತೆಗೆದು ನೋಡಿರಲಿಲ್ಲ.