ಮದುವೆಯ ಪುಟಕ್ಕೊಂದು ಬೀಗ

ಫೋನಿನಲ್ಲಿ ಮಾತಾಡುವುದೆಂದರೆ ನನಗೆ ಈಗಲೂ ಅಂಜಿಕೆ. ಗಂಟೆ ಹೊಡೆದರೆ ಮೊದಲು ಸೆರಗು ಸರಿಮಾಡಿಕೊಂಡು ಆಮೇಲೆ ಎತ್ತುತ್ತೇನೆ. ಆ ಕಡೆಯವರಿಗೆ ನೀನು ಕಾಣುವುದಿಲ್ಲ ಅಜ್ಜಿ ಎಂದು ನೀವು ಎಷ್ಟು ಸಲ ಹೇಳಿದರೂ ಕೈ ತಾನಾಗಿ ಸೆರಗಿಗೆ ಹೋಗುತ್ತದೆ. ಇಂಥವಳು ವೆಬ್‌ಸೈಟಿನ ವಿಷಯ ಬರೆಯಲು ಕುಳಿತಿದ್ದಾಳೆ ಎಂದು ನಗು ಬಂದರೆ ನಕ್ಕುಬಿಡಿ ಮಕ್ಕಳೇ. ನಿಮ್ಮ ರಮ್ಯಕ್ಕನ ಮದುವೆಗೆ ನೀವೆಲ್ಲ ಊಟದ ಹೊತ್ತಿಗೆ ಬಂದವರು. ಅದಕ್ಕೆ ಮೊದಲು ನಡೆದದ್ದನ್ನು ಯಾರಾದರೂ ಹೇಳಬೇಕಲ್ಲ.

ಹೆಣ್ಣಿನ ಮನೆ ಶಾಗ್ಯ, ಗಂಡಿನ ಮನೆ ಯಳಂದೂರು, ಛತ್ರ ಕೊಳ್ಳೇಗಾಲದಲ್ಲಿ. ನೆಂಟರು ಮೂರು ತಾಲ್ಲೂಕಿಗೂ ಹರಡಿಕೊಂಡಿದ್ದಾರೆ. ಯಾವ ಬಸ್ಸು, ಎಲ್ಲಿ ಇಳಿಯಬೇಕು, ಮುಹೂರ್ತ ಎಷ್ಟಕ್ಕೆ ಎಂದು ಎಲ್ಲರಿಗೂ ಹೇಳಿ ಹೇಳಿ ಬಾಯಿ ಒಣಗುತ್ತದೆಂದು ರಮ್ಯ ತಾನೇ ಕುಳಿತು ಒಂದು ಪುಟ ಮಾಡಿದಳು. ಫೋನಿನಲ್ಲಿ ಒತ್ತಿದರೆ ತೆರೆದುಕೊಳ್ಳುವ ಲಗ್ನಪತ್ರಿಕೆ ಅಂದುಕೊಳ್ಳಿ.

ಆದರೆ ಅವಳಿಗೊಂದು ಭಯವಿತ್ತು. ಗಂಡು ಹುಡುಕುವ ಕಾಲದಲ್ಲಿ ನಾವು ಅವಳ ಫೋಟೋ ಮತ್ತು ನಂಬರನ್ನು ಒಬ್ಬ ದಲ್ಲಾಳಿಗೆ ಕೊಟ್ಟಿದ್ದೆವು. ಅದು ಯಾರ ಯಾರ ಕೈಗೆ ಹೋಯಿತೋ, ಗುರುತಿಲ್ಲದ ಗಂಡಸರು ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಮಾಡತೊಡಗಿದರು. ನರ್ಸ್ ಆಗಿ ಆಸ್ಪತ್ರೆಯಲ್ಲಿ ರೋಗಿಗೆ ಸೂಜಿ ಚುಚ್ಚುವಾಗ ನಡುಗದ ಹುಡುಗಿ ಫೋನ್ ಸದ್ದಿಗೆ ನಡುಗುತ್ತಿದ್ದಳು. ಕೊನೆಗೆ ನಂಬರೇ ಬದಲಾಯಿಸಿದಳು. ಹಾಗಾಗಿ ಈ ಸಲ ಮೊದಲೇ ಹೇಳಿದಳು: "ಮದ್ವೆ ಸಂಭ್ರಮ ಎಲ್ಲಾ ಇರ್ಲಿ ಅಜ್ಜಿ. ಆದ್ರೆ ನಾನು ಇನ್ನೊಂದ್ಸಲ ಬೀದಿಗೆ ಬೀಳಕಿಲ್ಲ. ಗೊತ್ತಿಲ್ದೋನು ಒಬ್ಬ ಫೋನ್ ಮಾಡಿದ್ರೂ ಪುಟ ಕಿತ್ತಾಕ್ಬುಡ್ತೀನಿ."

ಅದಕ್ಕೇ ಆ ಪುಟದಲ್ಲಿ ಫೋನ್ ನಂಬರಿಲ್ಲ, ಮನೆ ವಿಳಾಸವಿಲ್ಲ, ಹುಟ್ಟಿದ ದಿನವಿಲ್ಲ. ಏನಾದರೂ ಕೇಳಬೇಕಾದರೆ ಅಲ್ಲೇ ಬರೆದು ಕಳಿಸಲು ಒಂದು ಜಾಗವಿತ್ತು. ಇದ್ದ ಒಂದೇ ಫೋಟೋದಲ್ಲಿ ಹುಡುಗ ಹುಡುಗಿ ಕೆರೆ ಏರಿಯ ಮೇಲೆ ಬೆನ್ನು ತಿರುಗಿಸಿ ನಿಂತಿದ್ದರು. ನನ್ನ ಮಗ, ಅಂದರೆ ರಮ್ಯನ ಅಪ್ಪ, ಅದನ್ನು ನೋಡಿ, ನೀರು ನೋಡಕ್ಕೆ ಹೋದ ಯಾರೋ ಇಬ್ಬರ ಹಾಗಿದೆ, ಬೆನ್ನು ನೋಡಿ ಯಾರು ಆಶೀರ್ವಾದ ಮಾಡುತ್ತಾರೆ ಎಂದು ಗೊಣಗಿದ. ನನಗೆ ಮಾತ್ರ ಆ ಫೋಟೋ ಬಹಳ ಹಿಡಿಸಿತು. ನನ್ನ ಮದುವೆಯ ಫೋಟೋದಲ್ಲಿ ನಾನು ತಲೆ ಬಗ್ಗಿಸಿದ್ದು ಎಷ್ಟೆಂದರೆ, ಬರೀ ಬೈತಲೆ ಕಾಣುತ್ತದೆ.

ಇಷ್ಟು ಸಾಲದೆಂದು ಪುಟಕ್ಕೆ ಒಂದು ಬೀಗ. ಒಂದು ಗುಟ್ಟಿನ ಪದ ಹಾಕಿದರೆ ಮಾತ್ರ ತೆರೆಯುತ್ತದೆ. ನಮ್ಮ ಕಡೆಯವರು ಮರೆಯಬಾರದು, ಬೇರೆಯವರಿಗೆ ಹೊಳೆಯಬಾರದು, ಅಂಥದ್ದು ಹೇಳಜ್ಜಿ ಎಂದಳು. ಅಷ್ಟು ದೊಡ್ಡ ವಿಷಯಕ್ಕೆ ನನ್ನನ್ನು ಕೇಳಿದ್ದಳಲ್ಲ, ಹಿಗ್ಗಿ ಹೋದೆ. ತುಂಬ ಯೋಚಿಸಿದವಳ ಹಾಗೆ ಸ್ವಲ್ಪ ತಡೆದು, ಮಾದಪ್ಪ ಎಂದೆ.

ನೀವು ಈಗಲೇ ನಗುತ್ತಿದ್ದೀರಿ. ಮಾದೇಶ್ವರನ ಬೆಟ್ಟದ ಬುಡದಲ್ಲಿ ಕುಳಿತು ಮಾದಪ್ಪನ ಹೆಸರನ್ನು ಗುಟ್ಟು ಎಂದುಕೊಂಡವಳು ನಿಮ್ಮ ಅಜ್ಜಿ. ಏಳುವಾಗ ಮಾದಪ್ಪ, ಎಡವಿದರೆ ಮಾದಪ್ಪ, ಮನೆಗೊಬ್ಬ ಮಾದೇಶ, ಅಂಗಡಿಗೊಂದು ಮಾದೇಶ್ವರ. ಸೋಜಿಗವೆಂದರೆ ಮನೆಯಲ್ಲಿ ಓದಿದವರು ಇಷ್ಟು ಜನ ಇದ್ದರೂ ಒಬ್ಬರೂ ಬೇಡ ಎನ್ನಲಿಲ್ಲ. ಒಳ್ಳೆ ಹೆಸರು ಎಂದು ಎಲ್ಲರೂ ಕೈ ಮುಗಿದರು.

ಪುಟದ ಕೊಂಡಿಯನ್ನು ನೆಂಟರಿಗೆ ಕಳಿಸಿದ್ದಾಯಿತು, ಅವರು ಅದನ್ನು ಇನ್ನಾರಿಗೋ ಕಳಿಸಿದ್ದೂ ಆಯಿತು. ನಾಲ್ಕು ದಿನ ಬಿಟ್ಟು ಹನೂರಿಗೆ ರಾಗಿ ಬೀಸಿಸಲು ಹೋಗಿದ್ದೆ. ಗಿರಣಿಯ ಸಿದ್ದಪ್ಪ ಹಿಟ್ಟಿನ ಕೈಯಲ್ಲೇ ಫೋನ್ ತೆಗೆದು ಕೆರೆ ಏರಿಯ ಫೋಟೋ ತೋರಿಸಿದ. ಇನ್ನೂ ಅವನಿಗೆ ಪತ್ರಿಕೆ ಕೊಟ್ಟಿರಲಿಲ್ಲ. ಪದ ಯಾರು ಹೇಳಿದರು ಎಂದು ಕೇಳಿದೆ.

"ಯಾರೇಳ್ಬೇಕು ದೊಡ್ಡವ್ವ? ನಿಮ್ಮಟ್ಟೀಲಿ ಮಾದಪ್ಪನ್ ಬುಟ್ಟು ಇನ್ನೇನ್ ಇಕ್ಕಿರ್ತೀರಿ ಅಂತ ಒಂದ್ ಕಿತ ಒತ್ತಿದೆ, ತಕ್ಕೊಂತು."

ಹಿಟ್ಟಿನ ಚೀಲ ಹೊತ್ತು ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ಸಿದ್ದಪ್ಪ ಒಳ್ಳೆಯವನು, ಆದರೆ ಸಿದ್ದಪ್ಪನಿಗೆ ತೆರೆದ ಬಾಗಿಲು ಮತ್ತೊಬ್ಬನಿಗೂ ತೆರೆಯುತ್ತದೆ. ನಮ್ಮ ಕಾಲದಲ್ಲಿ ಗುಟ್ಟು ಎನ್ನುವುದೇ ಇರಲಿಲ್ಲ ಎಂದು ನೀವು ಅಂದುಕೊಳ್ಳಬಹುದು. ನಿಜ, ನಮ್ಮ ಮನೆಯಲ್ಲಿ ಒಗ್ಗರಣೆ ಹಾಕಿದರೆ ಬೀದಿಗೆಲ್ಲ ತಿಳಿಯುತ್ತಿತ್ತು. ಆದರೆ ಯಾರು ನೋಡುತ್ತಿದ್ದಾರೆಂದು ನಮಗೂ ಕಾಣುತ್ತಿತ್ತಲ್ಲ. ಜಗಲಿಯ ಮೇಲೆ ಕುಳಿತು ನಮ್ಮನ್ನು ನೋಡುವವಳನ್ನು ನಾವೂ ನೋಡುತ್ತಿದ್ದೆವು. ಈ ಫೋನಿನ ಜಗಲಿಯಲ್ಲಿ ಕುಳಿತವರ ಮುಖವೇ ಕಾಣುವುದಿಲ್ಲ.

ವಿಷಯ ಹೇಳಿದಾಗ ರಮ್ಯ ನನ್ನನ್ನು ಬೈಯಲಿಲ್ಲ. ಮುಖ ಸಣ್ಣದಾಯಿತು, ಅಷ್ಟೇ. ಪುಟವನ್ನು ಆಗಲೇ ಮುಚ್ಚಿದಳು. ಅವಳು ಅಷ್ಟು ಆಸೆಯಿಂದ ಮಾಡಿಕೊಂಡದ್ದು ಹೋಯಿತೆಂದು ನನಗೆ ಊಟ ಸೇರಲಿಲ್ಲ. ಆಗ ಬಾಯಿಗೆ ಬಂದದ್ದು ಹೇಳಿಬಿಟ್ಟೆ: ಹೊಸ ಪದ ಇಡು, ಅದನ್ನು ಫೋನಿನಲ್ಲಿ ಕಳಿಸಬೇಡ. ಮದುವೆ ಕರೆಯಲು ಮನೆ ಮನೆಗೆ ಹೋಗೇ ಹೋಗುತ್ತೇವೆ, ಬಾಗಿಲಲ್ಲೇ ಹೇಳೋಣ.

"ಯಾರ್ ಏಳೋರು?" ಎಂದಳು ಸೊಸೆ ಮಂಗಳ. "ನಾನು ಕುಂಕುಮ ಇಡ್ಬೇಕು, ಪತ್ರಿಕೆ ಕೊಡ್ಬೇಕು."

"ಅಜ್ಜಿ ಏಳ್ಲಿ," ಎಂದಳು ರಮ್ಯ.

ನಿಮ್ಮ ತಾತ ತೀರಿಕೊಂಡ ಮೇಲೆ ಮದುವೆ ಕರೆಯಲು ನಾನು ಹೋದವಳಲ್ಲ. ಹೋಗಬೇಡ ಎಂದು ಯಾರೂ ಹೇಳಿರಲಿಲ್ಲ, ಬಾ ಎಂದೂ ಹೇಳಿರಲಿಲ್ಲ. ಹೊಸಲಿನ ಈಚೆ ನಿಲ್ಲುವುದು ನನ್ನ ನಾಚಿಕೆಗೂ ಸರಿಹೋಗಿತ್ತು. ಈಗ ರಮ್ಯ ಹೊಸ ಪದ ಇಟ್ಟು ಪುಟವನ್ನು ಮತ್ತೆ ತೆರೆದಳು. ಮಂಗಳ ಕುಂಕುಮ ಇಟ್ಟ ಮೇಲೆ ನಾನು ಮುಂದೆ ಹೋಗಿ, ಆ ಮನೆಯ ಹೆಂಗಸಿನ ಕಿವಿಯ ಹತ್ತಿರ ಬಾಯಿಟ್ಟು ಆ ಪದ ಹೇಳಬೇಕು. ಮೊದಲ ಮನೆಯಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ಯಳಂದೂರು ಮುಗಿಸುವ ಹೊತ್ತಿಗೆ ನಾನೇ ಸೊಸೆಗಿಂತ ಮುಂದೆ ನಡೆಯುತ್ತಿದ್ದೆ. ಗಿರಣಿಗೂ ಹೋಗಿ ಸಿದ್ದಪ್ಪನನ್ನೂ ಕರೆದೆವು. ಅವನು ಬಗ್ಗಿ ಕಿವಿ ಕೊಟ್ಟು, ಪದ ಕೇಳಿಸಿಕೊಂಡು, ಗಂಭೀರವಾಗಿ ತಲೆಯಾಡಿಸಿದ. ಆಮೇಲೆ ಯಾರೋ ಗಿರಾಕಿ ಅವನನ್ನು ಆ ಪದ ಕೇಳಿದರಂತೆ. "ಅವ್ರೇ ನಿಮ್ಮಟ್ಟಿಗೆ ಬಂದು ಏಳಿದ್ರೆ ಗೊತ್ತಾಯ್ತದೆ ಬುಡಿ" ಎಂದು ಕಳಿಸಿದನಂತೆ. ತಾನಾಗಿ ಕಂಡುಹಿಡಿದದ್ದನ್ನು ಕೇಳದೆಯೇ ತೆಗೆದು ತೋರಿಸಿದವನು, ಕಿವಿಯಲ್ಲಿ ಹೇಳಿದ್ದನ್ನು ಒಡವೆಯ ಹಾಗೆ ಇಟ್ಟುಕೊಂಡ.

ಮದುವೆ ಮುಗಿಯುವವರೆಗೂ ಗುರುತಿಲ್ಲದ ಒಂದು ಫೋನೂ ಬರಲಿಲ್ಲ. ಧಾರೆಯ ದಿನ ರಮ್ಯನ ಫೋನ್ ನನ್ನ ಮಡಿಲಲ್ಲೇ ಇತ್ತು, ಅದು ಸದ್ದು ಮಾಡಿದಾಗಲೆಲ್ಲ ಅವಳು ಮಣೆಯಿಂದಲೇ ನನ್ನತ್ತ ನೋಡಿ ನಗುತ್ತಿದ್ದಳು.

ಬೀಗರ ಊಟ ಮುಗಿದ ದಿನ ರಮ್ಯ ಪುಟವನ್ನು ಪೂರ್ತಿ ಅಳಿಸಿದಳು. ಇಷ್ಟು ಚೆನ್ನಾಗಿತ್ತು, ಇರಲಿ ಎಂದು ಬಿಡಬಾರದೇ ಎಂದು ನನ್ನ ಮಗ ಮರುಗಿದ. ಅದೇ ಹೊತ್ತಿಗೆ ಆಳುಗಳು ಮನೆ ಮುಂದಿನ ಚಪ್ಪರ ಬಿಚ್ಚುತ್ತಿದ್ದರು, ಒಣಗಿದ ತೆಂಗಿನ ಗರಿ ಅಂಗಳದ ತುಂಬ ಬಿದ್ದಿತ್ತು. ಅವನನ್ನು ಕರೆದು ಅದನ್ನು ತೋರಿಸಿದೆ. ಮದುವೆ ಆದ ಮೇಲೂ ಚಪ್ಪರ ಹಾಗೇ ಬಿಟ್ಟರೆ, ಹೋಗುವವರು ಬರುವವರೆಲ್ಲ ನೆರಳಿದೆಯೆಂದು ಕುಳಿತುಕೊಳ್ಳುತ್ತಾರೆ. ಆಮೇಲೆ ನಮ್ಮ ಮನೆ ಬಾಗಿಲಿಗೆ ಹೋಗಲು ಅವರ ಅಪ್ಪಣೆಯನ್ನೇ ಕೇಳಬೇಕಾಗುತ್ತದೆ.