ಮೊದಲ ಒತ್ತು ಕೆಂಪು, ಎರಡನೆಯದು ಹಸಿರು

ನನ್ನ ತಮ್ಮನಿಗೆ ಕೆಂಪೂ ಹಸಿರೂ ಒಂದೇ, ಎರಡೂ ಮಾಸಲು ಕಂದು. ಇದು ಗೊತ್ತಿದ್ದವಳು ನಾನೊಬ್ಬಳೇ. ಶಾಲೆಯಲ್ಲಿ ಅವನ ಬಣ್ಣದ ಪೆನ್ಸಿಲ್‌ಗಳಿಗೆ ಚೀಟಿ ಸುತ್ತಿ ಹೆಸರು ಬರೆದುಕೊಟ್ಟವಳೂ ನಾನೇ, "ಯಾರಿಗೂ ಹೇಳ್ಬೇಡ, ನಗ್ತಾರೆ" ಎಂದು ಬಾಯಿಗೆ ಬೀಗ ಹಾಕಿದವಳೂ ನಾನೇ.

ಅಂಥವನಿಗೆ ಸಿಕ್ಕಿದ ಕೆಲಸವಾದರೂ ಎಂಥದ್ದು! ಕೈಯಲ್ಲಿ ಹಿಡಿದು ಆಡುವ ಹಳೇ ಕಾಲದ ವಿಡಿಯೋ ಗೇಮುಗಳಿಗೆ ಹೊಸ ಸ್ಕ್ರೀನ್ ಹಾಕುವ ಅಂಗಡಿಯಲ್ಲಿ ಸ್ಕ್ರೀನ್ ಪರೀಕ್ಷೆ. ಗುಂಡಿ ಒತ್ತಿದಂತೆಲ್ಲ ಸ್ಕ್ರೀನ್ ತುಂಬ ಒಂದೊಂದೇ ಬಣ್ಣ ಬರುತ್ತದೆ. ಮೊದಲ ಒತ್ತು ಕೆಂಪು, ಎರಡನೆಯದು ಹಸಿರು, ಆಮೇಲೆ ನೀಲಿ, ಬಿಳಿ, ಕಪ್ಪು. ಇವನು ಆ ಕ್ರಮವನ್ನು ಬಾಯಿಪಾಠ ಮಾಡಿಕೊಂಡ. ಬೆಳಗದ ಚುಕ್ಕಿ ಎಲ್ಲೋ ಮೂಲೆಯಲ್ಲಿ ಸಾಸಿವೆಗಿಂತ ಸಣ್ಣದಾಗಿದ್ದರೂ ಹಿಡಿಯುತ್ತಿದ್ದ. ಅಂಗಡಿಯವರು 'ಹದ್ದುಗಣ್ಣ' ಎಂದು ಹೆಸರಿಟ್ಟರು. ಅವರು ಹೊಗಳಿದಷ್ಟೂ ಇವನ ಎದೆ ಡವಡವ. ಹನ್ನೊಂದು ವರ್ಷ ಹೀಗೆ ಹೆದರಿಕೊಂಡೇ ಒಳ್ಳೆಯ ಹೆಸರು ತೆಗೆದುಕೊಂಡ.

ಮೊನ್ನೆ ಮಧ್ಯಾಹ್ನ ಫೋನ್ ಮಾಡಿದ. ದನಿ ಬಾವಿಯೊಳಗಿಂದ ಬಂದಂತಿತ್ತು.

"ಅಕ್ಕ, ಕೆಟ್ಟೆ. ಹೋದ ವಾರದ ಸ್ಕ್ರೀನುಗಳಲ್ಲಿ ಕಾರ್ಖಾನೆಯವ್ರೇ ಕೆಂಪು ಹಸಿರು ಅದಲುಬದಲು ಮಾಡಿ ಕಳ್ಸಿದಾರೆ. ಮೊದಲ ಒತ್ತಿಗೆ ಹಸಿರು ಬಂದಿದೆ, ನಾನು ಕೆಂಪು ಅಂದ್ಕೊಂಡೆ. ನಲವತ್ತಕ್ಕೂ ಸರಿ ಅಂತ ಗುರುತು ಹಾಕ್ದೆ. ಗಿರಾಕಿಗಳು ಗೇಮ್ ಹಾಕಿದ್ರೆ ಕಾಡೆಲ್ಲ ಕೆಂಪಂತೆ."

"ನಿನ್ಮೇಲೆ ಅನುಮಾನ ಬಂತಾ?"

"ಹದ್ದುಗಣ್ಣನ ಮೇಲಾ? ಪಕ್ಕದ ಮೇಜಿನ ಹುಡುಗಿ ಮೇಲೆ. ಅವಳೂ ಸ್ಕ್ರೀನ್ ನೋಡೋಳೇ, ಇಬ್ರೂ ಹಾಕೋ ಗುರುತು ಒಂದೇ. ಅವಳು ಬಂದು ಮೂರೇ ತಿಂಗಳು. ಇವತ್ತೇ ಕೆಲಸದಿಂದ ತೆಗೀತಾರಂತೆ."

ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಮೊದಲು ಆದದ್ದು ಸಮಾಧಾನ. "ಬಾಯ್ಮುಚ್ಕೊಂಡಿರು" ಎಂದೆ. ಅವನು ಫೋನ್ ಇಡಲಿಲ್ಲ. ಅದನ್ನು ಹಾಗೆಯೇ ಜೇಬಿಗೆ ಹಾಕಿಕೊಂಡ ಸದ್ದು ಬಂತು, ಆಮೇಲೆ ಕುರ್ಚಿ ಎಳೆದ ಸದ್ದು.

"ಸಾರ್, ತಪ್ಪು ಅವಳದಲ್ಲ, ನಂದು. ನಂಗೆ ಕೆಂಪು ಹಸಿರು ಗೊತ್ತಾಗಲ್ಲ."

ಮಾಲೀಕರು ಗಹಗಹಿಸಿ ನಕ್ಕರು. "ನಿಂಗಾ? ಅವಳನ್ನ ಉಳಿಸೋಕೆ ಒಳ್ಳೇ ಕತೆ ಕಟ್ಟಿದೀಯ ಬಿಡು."

"ನನಗೆ ಬೆನ್ನು ಹಾಕಿ ಗುಂಡಿ ಒತ್ತಿ, ಯಾವ್ದಾದ್ರೂ ಒಂದು ಬಣ್ಣ ತೋರ್ಸಿ ಸಾರ್. ಹೇಳ್ತೀನಿ."

ಗುಂಡಿ ಟಕಟಕ ಎಂದಿತು, ಎಷ್ಟು ಸಲವೋ ಲೆಕ್ಕ ಸಿಗಲಿಲ್ಲ. ಈ ಸಲ ಚೀಟಿ ಬರೆದುಕೊಡೋಣವೆಂದರೆ ಯಾವ ಬಣ್ಣ ಬಂದಿದೆಯೋ ನನಗೂ ಕಾಣದು.

"ಕೆಂಪು" ಎಂದ.

"ನೋಡಿದ್ರಾ! ಸರಿಯಾಗೇ ಹೇಳ್ದ. ಹೋಗಯ್ಯ, ನಿನ್ನ ಕೆಲಸ ನೋಡ್ಕೋ."

ಕುರುಡು ಅದೃಷ್ಟ. ಈಗ ಸುಮ್ಮನೆ ಬಂದು ಕೂತರೆ ಅವನ ಕೆಲಸ ಉಳಿಯುತ್ತಿತ್ತು, ಅವಳದು ಹೋಗುತ್ತಿತ್ತು. ನಾನು ಇಲ್ಲಿಂದಲೇ "ಬಾರೋ, ಬಾರೋ" ಎನ್ನುತ್ತಿದ್ದೆ.

"ಇನ್ನೊಂದು ತೋರ್ಸಿ ಸಾರ್" ಎಂದ ತಮ್ಮ. ಇಷ್ಟು ವರ್ಷ ಎಲ್ಲಿ ತಪ್ಪು ಹೇಳಿಬಿಡುತ್ತೇನೋ ಎಂದು ಹೆದರಿದವನಿಗೆ ಈಗ ಎಲ್ಲಿ ಮತ್ತೆ ಸರಿ ಹೇಳಿಬಿಡುತ್ತೇನೋ ಎಂಬ ಹೆದರಿಕೆ.

ಮತ್ತೆ ಟಕಟಕ.

"ಹಸಿರು."

ಆ ಹುಡುಗಿಯ ದನಿ ಮೆಲ್ಲಗೆ ಕೇಳಿಸಿತು.

"ಅಣ್ಣ, ಇದೂ ಕೆಂಪೇ."