ಡೊಂಬಿವಲಿ ಹೋಟೆಲಿನ ಹನ್ನೊಂದು ಹೆಸರು

ಥಾಣೆಯಲ್ಲಿ ಇಳಿದಾಗ ಬೆಳಗಿನ ಆರು ಗಂಟೆ. ಹಿಂದಿನ ಮಧ್ಯಾಹ್ನ ಉಡುಪಿಯಲ್ಲಿ ಹತ್ತಿದ ರೈಲು ಕೊಂಕಣದ ಸುರಂಗಗಳನ್ನೆಲ್ಲ ದಾಟಿ, ಹೆಚ್ಚು ತಡಮಾಡದೆ ತಂದು ಬಿಟ್ಟಿತ್ತು. ಮೇ ತಿಂಗಳ ಸೆಕೆ ಅಷ್ಟು ಹೊತ್ತಿಗೇ ಸೀರೆಯನ್ನು ಬೆನ್ನಿಗೆ ಅಂಟಿಸುತ್ತಿತ್ತು. ಡೊಂಬಿವಲಿಗೆ ಹತ್ತು ರೂಪಾಯಿಯ ಟಿಕೆಟು ತೆಗೆದು, ಹಲಸಿನ ಹಪ್ಪಳದ ಡಬ್ಬವನ್ನು ಎದೆಗವಚಿಕೊಂಡು ಹೆಂಗಸರ ಬೋಗಿ ಹತ್ತಿದೆ. ಮುಂಬಯಿಗೆ ಬೆನ್ನು ಹಾಕಿ ಹೋಗುವ ಲೋಕಲ್ ಆದ್ದರಿಂದ ಕೂರಲು ಜಾಗ ಸಿಕ್ಕಿತು. ಎದುರು ಹಳಿಯಲ್ಲಿ ಬರುತ್ತಿದ್ದ ಗಾಡಿಗಳಲ್ಲಿ ಜನ ಆಗಲೇ ಬಾಗಿಲಿಗೆ ತೂಗುತ್ತಿದ್ದರು.

ನನ್ನ ತಮ್ಮ ಗಣಪತಿ ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿನಿಂದ ಐದು ನಿಮಿಷದ ದಾರಿಯಲ್ಲಿ, ಸಸ್ಯಾಹಾರಿ ಹೋಟೆಲು ನಡೆಸುತ್ತಾನೆ. ಹೆಣ್ಣು ಕೊಟ್ಟ ಮಾವನಿಂದ ಬಂದ ಹೋಟೆಲು. ನಾನು ತಾಲ್ಲೂಕು ಕಚೇರಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತೆಯಾಗಿದ್ದು ನಿವೃತ್ತಳಾದವಳು. ಹತ್ತು ದಿನ ತಮ್ಮನ ಮನೆಯಲ್ಲಿ ಕೂತು ಉಂಡು ಬರೋಣವೆಂದು ಹೊರಟಿದ್ದೆ. ಹೋದ ಸಲ ಬಂದಾಗ ತಿಂದ ತುಪ್ಪದ ದೋಸೆಯ ನೆನಪು ರೈಲಿನಲ್ಲೇ ಹಸಿವು ಹುಟ್ಟಿಸಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಹೋಟೆಲಿನ ಮುಂದೆ ಕರಿಹಲಗೆಯಲ್ಲಿ ‘ಆಜ್ ಡೋಸಾ ನಹೀಂ’ ಎಂದು ಬರೆದಿತ್ತು. ಒಳಗೆ ದೋಸೆಯ ಕಾವಲಿ ತಣ್ಣಗೆ ಕುಳಿತಿತ್ತು. ಗಲ್ಲಾಪೆಟ್ಟಿಗೆಯ ಹಿಂದೆ ಗಣಪತಿ ಮೂರು ದಿನ ನಿದ್ದೆಗೆಟ್ಟವನ ಹಾಗೆ ಕಂಡ.

“ಸುಧಾಕರನನ್ನು ನಿನ್ನೆ ಪೊಲೀಸ್ರು ಕರ್ಕೊಂಡು ಹೋದ್ರು ಅಕ್ಕಾ,” ಎಂದ.

“ಎಂತ ಮಾಡಿದ ಅವ?”

“ಅವ ಎಂತದೂ ಮಾಡ್ಲಿಲ್ಲ. ಮಾಡಿದ್ದು ನಾನು.”

ಇಲ್ಲಿ ಆ ಹೋಟೆಲಿನ ಒಂದು ಪದ್ಧತಿ ಹೇಳಬೇಕು. ಗಣಪತಿಯ ಮಾವನ ಕಾಲದಲ್ಲಿ ಕಾವಲಿಯ ಮುಂದೆ ನಿಂತವನು ಕಾರ್ಕಳದ ಕಡೆಯ ಸುಧಾಕರ. ಅವನು ಊರಿಗೆ ಹೋದ ಮೇಲೆ ಆ ಜಾಗಕ್ಕೆ ಬಂದವರೆಲ್ಲ ಸುಧಾಕರರೇ. ವಡೆ ಕರಿಯುವವನು ಕೃಷ್ಣ, ಹಿಟ್ಟು ರುಬ್ಬುವವನು ದಾಮೋದರ, ಚಹಾದವನು ವಾಸು. ಮೊದಲು ನಮ್ಮ ಕಡೆಯವರೇ ಬರುತ್ತಿದ್ದರು. ಈಗ ಉಡುಪಿ ಹೋಟೆಲಿನಲ್ಲಿ ಉಡುಪಿಯಿಂದ ಬರುವುದು ಧಣಿ ಮತ್ತು ಉಪ್ಪಿನಕಾಯಿ ಮಾತ್ರ. ಒಡಿಶಾ, ನೇಪಾಳ, ಬಂಗಾಳಗಳಿಂದ ಬಂದವರೂ ಹಳೆಯ ಹೆಸರಿನೊಳಗೆ ಹೊಕ್ಕು ಕೆಲಸ ಮಾಡಿದರು. ಗಿರಾಕಿಗಳಿಗೆ ಗೊಂದಲ ಬೇಡವೆಂದು ಹೀಗೆ ಎಂದು ಗಣಪತಿ ಹೇಳುತ್ತಾನೆ. ಯಾರು ಯಾವ ಜಾತಿ ಎಂದು ಗಿರಾಕಿಗಳು ಕೇಳದಿರಲಿ ಎಂಬುದೂ ಅದರಲ್ಲಿತ್ತು, ಅದನ್ನು ಅವನು ಹೇಳುವುದಿಲ್ಲ.

ಕೆಲಸಗಾರರ ವಿವರವನ್ನು ಪೊಲೀಸರಿಗೆ ಕೊಡಬೇಕೆಂಬ ನಿಯಮದಂತೆ ಗಣಪತಿ ವರ್ಷದ ಹಿಂದೆ ಒಂದು ಪಟ್ಟಿ ಕೊಟ್ಟಿದ್ದ. ಗಡಿಬಿಡಿಯಲ್ಲಿ, ಬಾಯಿಗೆ ಬಂದ ಹೆಸರುಗಳನ್ನೇ ಬರೆದು, ಎಲ್ಲರ ಮುಂದೆಯೂ ‘ಮುಕ್ಕಾಂ ಉಡುಪಿ’ ಎಂದು ಹಾಕಿದ್ದ. ಈಗ ಬಂಗಾಳದ ಗಡಿ ದಾಟಿ ಕಾಗದವಿಲ್ಲದೆ ಬಂದವರನ್ನು ಹುಡುಕುವ ತಪಾಸಣೆ ಶುರುವಾಗಿ, ಪೊಲೀಸರು ಬೇರೆ ಓಣಿಗಳಿಗೆ ಬಂದ ಹಾಗೆ ಈ ಓಣಿಗೂ ಬಂದರು. ಪಟ್ಟಿ ನೋಡಿ “ಸುಧಾಕರ ಕೋಣ್?”, ಸುಧಾಕರ ಯಾರು, ಎಂದರು. ಅವನು ಒಂಬತ್ತು ವರ್ಷದಿಂದ ಹೇಳಿದ ಹಾಗೇ “ಮೀಚ್”, ನಾನೇ, ಎಂದು ಮುಂದೆ ಬಂದ. ಜೇಬಿನ ಕಾರ್ಡಿನಲ್ಲಿ ರಫೀಕುಲ್ ಶೇಖ್, ಮಾಲ್ದಾ ಜಿಲ್ಲೆ, ಪಶ್ಚಿಮ ಬಂಗಾಳ ಎಂದಿತ್ತು. ಸುಳ್ಳು ಹೆಸರಿನ ಬಂಗಾಳಿ ಎಂದಾದ ಮೇಲೆ ಇನ್ನೇನು ಬೇಕು? ಶುಕ್ರವಾರದೊಳಗೆ ಹಳೆಯ ದಾಖಲೆ ತೋರಿಸದಿದ್ದರೆ ಗಡಿಗೆ ಕಳಿಸುವವರ ಜೊತೆ ಸೇರಿಸುತ್ತೇವೆ ಎಂದಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು.

“ನೀನು ಹೋಗಿ ತಪ್ಪು ನಂದು ಅಂತ ಹೇಳಿದ್ಯಾ?” ಎಂದೆ.

“ಸುಳ್ಳು ಪಟ್ಟಿ ಕೊಟ್ಟದ್ದಕ್ಕೆ ನನ್ನ ಮೇಲೇ ಕೇಸ್ ಹಾಕಿದ್ರೆ?” ಎಂದು ಅವನು ಮುಖ ಬೇರೆ ಕಡೆ ಮಾಡಿದ. ಅಂದು ಬುಧವಾರ. ಸಿಟ್ಟು ಬಂತು, ಆದರೆ ಕಚೇರಿಯಲ್ಲಿ ಕಲಿತ ಪಾಠವೆಂದರೆ ಸಿಟ್ಟಿಗಿಂತ ಮೊದಲು ಕಾಗದ.

ಗುರುವಾರ ಬೆಳಿಗ್ಗೆ ಕಾಗದ ತರಲು ತುರ್ಭೆಗೆ ಹೊರಟೆ. ರಫೀಕುಲನ ಹೆಂಡತಿ ಸಾಬಿನಾ ಅಲ್ಲಿಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಾಳೆ. ಅವನು ಹೋಟೆಲಿನಲ್ಲೇ ಮಲಗಿ ವಾರಕ್ಕೊಮ್ಮೆ ಮನೆಗೆ ಹೋಗುತ್ತಿದ್ದ. ಐರೋಲಿಯಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ತಮ್ಮನ ಮಗಳು ಶ್ರಾವ್ಯಾ ನನ್ನ ಜೊತೆಗಿದ್ದಳು. ಥಾಣೆಯಲ್ಲಿ ಇಳಿದು ನವಿ ಮುಂಬಯಿಯ ಗಾಡಿ ಹಿಡಿದೆವು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳು ಹಿಂದಿಯಲ್ಲಿ ಉತ್ತರ ಕೊಟ್ಟಳು. ಅವಳ ಸ್ನೇಹಿತೆಯರಿರುವ ಐರೋಲಿಯ ವಸತಿ ಸೊಸೈಟಿಯಲ್ಲಿ ತಪಾಸಣೆ ಶುರುವಾದಾಗ ಗ್ರೂಪಿನಲ್ಲಿ ಎಲ್ಲರೂ ಚಪ್ಪಾಳೆಯ ಚಿತ್ರ ಹಾಕಿದರಂತೆ. ಎರಡು ದಿನದಲ್ಲಿ ಮನೆಗೆಲಸದ ಹೆಂಗಸರು ಹೆದರಿ ಬರುವುದು ನಿಲ್ಲಿಸಿದರು. ಕಾಗದ ಇದ್ದವರೂ ಬರಲಿಲ್ಲ. “ಫಿರ್ ಕ್ಯಾ, ಅತ್ತೆ,” ಎಂದಳು ಶ್ರಾವ್ಯಾ, “ಅಬ್ ಸಬ್ ಪೂಛ್ ರಹೇ ಹೈಂ, ಬಾಯಿ ಕಬ್ ಆಯೇಗೀ?” ಕೆಲಸದವಳು ಯಾವಾಗ ಬರುತ್ತಾಳೆ ಎಂಬುದೇ ಈಗ ಎಲ್ಲರ ಪ್ರಶ್ನೆಯಂತೆ. ಅವಳು ಐರೋಲಿಯಲ್ಲಿ ಇಳಿದು ಹೋದಳು.

ತುರ್ಭೆಯಲ್ಲಿ ಲಾರಿಗಳ ಸಾಲು ಮುಗಿದ ಮೇಲೆ ವಸತಿಯ ಗಲ್ಲಿ ಶುರುವಾಗುತ್ತದೆ. ಆಟೋದವನು ಒಳಗೆ ಬರಲು ಒಪ್ಪದೆ ಗಲ್ಲಿಯ ಬಾಯಲ್ಲೇ ಇಳಿಸಿದ. ಸಾಬಿನಾ ನನ್ನನ್ನು ನೋಡಿ ಮೊದಲು ಬಾಗಿಲು ಮುಚ್ಚಿದಳು. “ದೋಸೆ ಹೋಟೆಲು, ಗಣಪಣ್ಣನ ಅಕ್ಕ,” ಎಂದು ಎರಡು ಸಲ ಹೇಳಿದ ಮೇಲೆ ತೆರೆದಳು. ಅಕ್ಕಿಯ ಡ್ರಮ್ಮಿನ ತಳದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾಗದಗಳನ್ನು ತೆಗೆದಳು. ಎಲ್ಲವೂ ಬಂಗಾಳಿಯಲ್ಲಿದ್ದವು. ನನಗೆ ಒಂದಕ್ಷರ ತಿಳಿಯದು. ಆದರೆ ಮೊಹರು ಬಿದ್ದ ಜಾಗ, ಕೈಬರಹದ ಕಾಲಂ, ಅಡ್ಡಾದಿಡ್ಡಿ ಸಹಿ ನೋಡಿದ ಕೂಡಲೇ ಇದು ಶಾಲೆಯದ್ದು, ಇದು ಜಮೀನಿನದ್ದು ಎಂದು ಹೇಳಿದೆ. ಗುಮಾಸ್ತರು ಎಲ್ಲ ರಾಜ್ಯದಲ್ಲೂ ಒಂದೇ ತಾಯಿಯ ಮಕ್ಕಳು. ಸಾಬಿನಾ ಮೊದಲ ಸಲ ನಕ್ಕಳು. ತಂದೆಯ ಹೆಸರು, ಊರು, ಅಂಚೆ ಎಲ್ಲವನ್ನೂ ಅವಳು ಹೇಳುತ್ತಾ ಹೋದಳು, ನಾನು ಕನ್ನಡದಲ್ಲಿ ಬರೆದುಕೊಂಡೆ.

ಹೊರಡುವಾಗ ಕೇಳಿದಳು, “ಅವರನ್ನು ಕಳಿಸಿಬಿಟ್ಟರೆ ಆ ಕಡೆ ಯಾರಿದ್ದಾರೆ? ನಮಗೆ ಆ ಕಡೆ ಯಾರೂ ಇಲ್ಲ.” ಅವಳ ಹಿಂದಿ ನನಗೆ ಪೂರ್ತಿ ಅರ್ಥವಾಯಿತು. ಕಾಗದ ಇದೆಯಲ್ಲ, ಹೆದರಬೇಡ ಎಂದೆ.

ಶುಕ್ರವಾರ ಗಣಪತಿಯನ್ನು ಕೈಹಿಡಿದು ಎಳೆದುಕೊಂಡೇ ಹೋದೆ. ರಫೀಕುಲನನ್ನು ಇಟ್ಟಿದ್ದದ್ದು ಕಲ್ಯಾಣ ದಾಟಿ ಒಂದೇ ಸ್ಟೇಷನ್ ಮುಂದಿರುವ ವಿಠ್ಠಲವಾಡಿಯ ಹತ್ತಿರದ ಒಂದು ಹಾಲ್‌ನಲ್ಲಿ. ಹೊರಡುವಾಗ ರುಬ್ಬುವ ದಾಮೋದರ ಮೊಸರನ್ನದ ಡಬ್ಬ ತಂದು ಕೊಟ್ಟ. ಐವತ್ತರ ಆಚೆಯ ಮನುಷ್ಯ, ಗಣಪತಿಯ ಮಾವನ ಕಾಲದವನು. ನಮ್ಮ ಉಡುಪಿಯವರಿಗಿಂತ ಚೆನ್ನಾಗಿ ತುಳು ಮಾತಾಡುತ್ತಾನೆ. “ಅವನಿಗೆ ಅಲ್ಲಿಯ ಊಟ ಸೇರುದಿಲ್ಲ, ನಿನ್ನೆಯೂ ಕಳಿಸಿದ್ದೆ,” ಎಂದ. ನೀನೂ ಬಾ, ಹಳೆಯವನು ಸಾಕ್ಷಿ ಹೇಳಿದರೆ ತೂಕ ಎಂದೆ. ಹಿಟ್ಟು ಹುಳಿಯುತ್ತದೆ ಎಂದು ತಪ್ಪಿಸಿಕೊಂಡ. ಸೋಮಾರಿ ಎಂದುಕೊಂಡೆ.

ಲೋಕಲ್‌ನಲ್ಲಿ ಗಣಪತಿಗೆ ಬಾಯಿಪಾಠ ಮಾಡಿಸಿದೆ. ಒಂಬತ್ತು ವರ್ಷ ಅನ್ನ ಹಾಕಿದವನಿಗೆ ಕೆಲಸದವನ ತಂದೆಯ ಹೆಸರು ಗೊತ್ತಿಲ್ಲ ಎಂದರೆ ಯಾವ ಅಧಿಕಾರಿ ನಂಬುತ್ತಾನೆ? “ರಫೀಕುಲ್ ಶೇಖ್, ತಂದೆ ಮೊಯಿನುದ್ದೀನ್ ಶೇಖ್,” ಎಂದು ಅವನು ಮಗ್ಗಿ ಒಪ್ಪಿಸುವ ಹುಡುಗನಂತೆ ಗೊಣಗುತ್ತಿದ್ದ. ಪಕ್ಕದಲ್ಲಿದ್ದವರು ತಿರುಗಿ ನೋಡಿದರು. ಬೆವರು ಒರೆಸಿಕೊಂಡು ಮತ್ತೆ ಗೊಣಗಿದ.

ಅಧಿಕಾರಿ ಕೆಟ್ಟವರೇನಲ್ಲ. ಮೇಜಿನ ಮೇಲೆ ಕಡತಗಳ ರಾಶಿಯಿತ್ತು, ಅವರ ಕಣ್ಣೂ ಕೆಂಪಾಗಿತ್ತು. ಕಾಗದಗಳನ್ನು ನೋಡಿ ಗಣಪತಿಯನ್ನು ಮರಾಠಿಯಲ್ಲಿ ಕೇಳಿದರು, “ನೀವೇ ಸುಧಾಕರ ಎಂದು ಬರೆದವರು. ಈಗ ರಫೀಕುಲ್ ಎನ್ನುತ್ತೀರಿ. ನಾನು ಯಾವುದನ್ನು ನಂಬಲಿ?” ಬಾಯಿಪಾಠ ಮಾಡಿದ್ದೆಲ್ಲ ಗಣಪತಿಗೆ ಮರೆತುಹೋಯಿತು. ಅವನು ಹೇಳಿದ, “ಸಾಹೇಬ್, ಅವನ ಹೆಸರು ಕಿತ್ತುಕೊಂಡದ್ದು ನಾನು. ನನ್ನ ಮಾವ ಹಾಸಿಗೆ ಹಿಡಿದಾಗ ಆರು ತಿಂಗಳು ಸ್ನಾನ ಮಾಡಿಸಿದವನು ಅವನು. ಆಗಲೂ ನಾನು ಹೆಸರು ಕೇಳಲಿಲ್ಲ. ಕೇಸ್ ಹಾಕುವುದಾದರೆ ನನ್ನ ಮೇಲೆ ಹಾಕಿ.” ನನ್ನ ತಮ್ಮ ಪುಕ್ಕಲ ಎಂದು ಚಿಕ್ಕಂದಿನಿಂದ ಆಡಿಕೊಂಡವಳು ನಾನು.

ಅಧಿಕಾರಿ ಮಾಲ್ದಾಕ್ಕೆ ಫೋನು ಮಾಡಿಸಿದರು. ಮಧ್ಯಾಹ್ನ ದಾಟಿ ಮೂರಕ್ಕೆ ಅಲ್ಲಿಂದ ಹೌದು ಎಂಬ ಉತ್ತರ ಬಂತು. ಬಿಡುವ ಮೊದಲು ಒಂದು ಬರವಣಿಗೆ ಕೇಳಿದರು. ಅದನ್ನು ಬರೆದದ್ದು ನಾನು. ಹೋಟೆಲಿನ ಹನ್ನೊಂದೂ ಕೆಲಸಗಾರರ ನಿಜವಾದ ಹೆಸರು, ಊರು, ದಾಖಲೆಗಳ ಪಟ್ಟಿಯನ್ನು ಸೋಮವಾರ ಕೊಡುತ್ತೇವೆ ಎಂದು, ಮೂವತ್ತೊಂದು ವರ್ಷದ ಅಭ್ಯಾಸದ ದುಂಡನೆಯ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ. ಅಧಿಕಾರಿ ಓದಿ “ಛಾನ್”, ಚೆನ್ನಾಗಿದೆ, ಎಂದರು. ನಾನು ಬೀಗಿದೆ. ರಫೀಕುಲ್ ಹೊರಗೆ ಬಂದು ಗಣಪತಿಯ ಕಾಲು ಮುಟ್ಟಲು ಬಗ್ಗಿದ, ಗಣಪತಿ ಅವನನ್ನು ತಬ್ಬಿಕೊಂಡು ಅತ್ತ. ಶನಿವಾರ ಬೆಳಿಗ್ಗೆ ಕಾವಲಿ ಕಾದಿತು, ನಾನು ಎರಡು ದೋಸೆ ತಿಂದೆ.

ಅಂದು ಮೂರು ಗಂಟೆಯ ಬಿಡುವಿನಲ್ಲಿ ಪಟ್ಟಿ ಬರೆಯಲು ಕೂತೆವು. ಒಬ್ಬೊಬ್ಬರಾಗಿ ಬಂದು ಹೆಸರು ಹೇಳಿದರು. ವಾಸು ಒಡಿಶಾದ ನಬಕಿಶೋರ. ಕೃಷ್ಣ ನೇಪಾಳದ ತೇಕ್ ಬಹಾದ್ದೂರ್. ಅವನಿಗೆ ಗಡಿ ದಾಟಲು ವೀಸಾ ಬೇಕಿಲ್ಲ, ಅವನೇ ಎಲ್ಲರಿಗಿಂತ ನಿಶ್ಚಿಂತೆಯಿಂದಿದ್ದ. ಕೆಲವರು ಸ್ವಂತ ಹೆಸರು ಹೇಳುವಾಗ ನಾಚಿದರು. ಹತ್ತು ಮುಗಿದು ದಾಮೋದರನ ಸರದಿ ಬಂತು. ಅವನು ರುಬ್ಬುವ ಕಲ್ಲಿನ ಹತ್ತಿರವೇ ನಿಂತಿದ್ದ.

“ನಂದು ಬರೀಬೇಡಿ ಅಮ್ಮ,” ಎಂದ.

“ಯಾಕೆ?”

“ನಂದು ಗಡಿಯ ಆ ಕಡೆಯ ಊರು. ಸೋದರಮಾವನ ಜೊತೆ ಬಂದದ್ದು, ಎಂಟೋ ಒಂಬತ್ತೋ ವರ್ಷ ಆಗ. ಕಾಗದ ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ.”

ಮೊಸರನ್ನ ಕಳಿಸಿ ತಾನು ಬಾರದಿದ್ದವನನ್ನು ಸೋಮಾರಿ ಎಂದುಕೊಂಡದ್ದಕ್ಕೆ ನನಗೆ ನಾಚಿಕೆಯಾಯಿತು. ಗಣಪತಿ ಪೆನ್ನು ಕೆಳಗಿಟ್ಟು ಕೇಳಿದ, “ಅಕ್ಕಾ, ಹತ್ತೇ ಬರೆದ್ರೆ?” ಹನ್ನೊಂದು ಎಂದು ಬರೆದುಕೊಟ್ಟದ್ದು ನಾನೇ. ಹತ್ತು ಕೊಟ್ಟರೆ ಇನ್ನೊಬ್ಬ ಎಲ್ಲಿ ಎಂದು ಬರುತ್ತಾರೆ, ಸುಳ್ಳು ಹೆಸರು ಕೊಟ್ಟರೆ ಎರಡನೆಯ ಸಲ ಯಾರೂ ಕ್ಷಮಿಸುವುದಿಲ್ಲ. ಒಬ್ಬನನ್ನು ಬಿಡಿಸಿದ ಆ ಕಾಗದವೇ ಇನ್ನೊಬ್ಬನ ಕೊರಳಿಗೆ ಬಿದ್ದಿತ್ತು. ನಿಯಮ ತಪ್ಪೆಂದು ನಾನು ಹೇಳಲಾರೆ, ದೇಶಕ್ಕೊಂದು ಬಾಗಿಲು ಬೇಕು. ಆದರೆ ನಲವತ್ತು ವರ್ಷ ನಮ್ಮ ಇಡ್ಲಿಗೆ ಹಿಟ್ಟು ರುಬ್ಬಿದವನನ್ನು ಆ ಬಾಗಿಲಿನ ಯಾವ ಕಡೆ ನಿಲ್ಲಿಸುವುದೆಂದು ನನಗೆ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ.

ಹತ್ತು ದಿನ ಇರಲು ಬಂದವಳು ಭಾನುವಾರವೇ ಹೊರಟೆ. ಊಟ ಸೇರುತ್ತಿರಲಿಲ್ಲ. ಉಡುಪಿಯ ರೈಲು ಮಧ್ಯಾಹ್ನ ಥಾಣೆಯಿಂದ. ಡೊಂಬಿವಲಿ ಸ್ಟೇಷನ್ನಿನವರೆಗೆ ಚೀಲ ಹೊತ್ತು ತರುತ್ತೇನೆಂದು ದಾಮೋದರ ಹಠ ಹಿಡಿದ. ಅವನ ಹೆಗಲಲ್ಲಿ ಇನ್ನೊಂದು ಸಣ್ಣ ಚೀಲವೂ ಇತ್ತು. ಬೆಳಿಗ್ಗೆಯೇ ಎರಡು ದಿನಕ್ಕಾಗುವಷ್ಟು ಹಿಟ್ಟು ರುಬ್ಬಿಟ್ಟಿದ್ದ ಎಂದು ಹೊರಡುವಾಗ ಗಣಪತಿ ಹೇಳಿದ್ದರ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಗಾಡಿ ಬರಲು ನಾಲ್ಕು ನಿಮಿಷವಿತ್ತು. “ಅಮ್ಮ, ಉಡುಪಿಯಲ್ಲಿ ಪಟ್ಟಿ ಕೇಳ್ತಾರಾ?” ಎಂದ.

ತಾಲ್ಲೂಕು ಕಚೇರಿಯಲ್ಲಿ ಎಷ್ಟು ಪಟ್ಟಿಗಳನ್ನು ನಾನೇ ಬರೆದಿದ್ದೇನೋ. ಇಲ್ಲ ಎನ್ನಬಹುದಿತ್ತು, ಬಾಯಿ ಬರಲಿಲ್ಲ. “ಕೇಳ್ತಾರೆ,” ಎಂದೆ.

ಅವನು ತಲೆಯಾಡಿಸಿದ. ಗಾಡಿ ಬಂತು. ಚೀಲವನ್ನು ಒಳಗಿಟ್ಟು ಹೇಳಿದ, “ಗಣಪಣ್ಣನಿಗೆ ಫೋನು ಮಾಡಿ ಹೇಳಿ. ನಾಳೆ ಹತ್ತೇ ಹೆಸರು ಕೊಡ್ಲಿ. ಹನ್ನೊಂದನೆಯವ ಬಿಟ್ಟು ಹೋದ ಅಂತ ಬರೀಲಿ. ಸುಳ್ಳಾಗುದಿಲ್ಲ.”

ಗಾಡಿ ಹೊರಟಿತು. ಕಿಟಕಿಯ ಸರಳಿಗೆ ಮುಖ ಹಚ್ಚಿ ನೋಡಿದೆ. ಅವನು ಸೇತುವೆಯ ಮೆಟ್ಟಿಲು ಹತ್ತಿದ. ಹೋಟೆಲಿರುವುದು ಪೂರ್ವಕ್ಕೆ, ಅವನು ಪಶ್ಚಿಮಕ್ಕೆ ತಿರುಗಿದ. ಕೂಗಿ ನಿಲ್ಲಿಸಬೇಕೆನಿಸಿತು. ದಾಮೋದರ ಎಂದು ಕೂಗಲು ನಾಲಗೆ ಏಳಲಿಲ್ಲ. ಬೇರೆ ಹೆಸರನ್ನು ನಾನು ಕೇಳಿಯೇ ಇರಲಿಲ್ಲ.